ಮೊದ್ಲು ಉಚ್ಚೆ ಹಿಂಡು, ಆಮೇಲೆ ಚಾಕು

ಮೊದ್ಲನೇ ಸಲ ಹೊಡ್ದು ತಂದ ಮೊಲಾನ ನಾನೇ ಕೈಯಾರೆ ಹಾಳು ಮಾಡ್ದೆ. ಚಾಕು ಚೂಪಾಗೇ ಇತ್ತು, ಯೂಟ್ಯೂಬಲ್ಲಿ ನಾಕೈದು ವಿಡಿಯೋನೂ ನೋಡ್ಕೊಂಡು ಹೋಗಿದ್ದೆ, ಆದ್ರೆ ಹೊಟ್ಟೆ ಸೀಳುವಾಗ ಚಾಕು ತುದಿ ಒಂದ್ ಚೂರು ಒಳಗೆ ಹೋಯ್ತು ಅಷ್ಟೆ, ಉಚ್ಚೆ ಚೀಲ ಒಡ್ದು ಹಿಂದಿನ ಎರಡೂ ತೊಡೆ ಮೇಲೆ ಹರ್ದೋಯ್ತು. ತೊಳೆದ್ರೆ ಹೋಗುತ್ತೆ ಅನ್ಕೊಂಡೆ. ಹೋಗಲ್ಲ. ಉಪ್ಪು, ಅರಿಶಿನ, ನಿಂಬೆಹಣ್ಣು ಎಲ್ಲಾ ಹಾಕಿ ಉಜ್ಜಿ ತೊಳ್ದು ಸಾರಿಗೆ ಹಾಕಿದ್ರೂ ಕುಕ್ಕರ್ ಮೊದಲ್ನೇ ವಿಷಲ್ ಹಾಕ್ತಿದ್ದಂಗೆ ಮನೆಯೆಲ್ಲಾ ಬಸ್‌ಸ್ಟ್ಯಾಂಡ್ ಹಿಂದುಗಡೆ ವಾಸ್ನೆ, ನಮ್ಮನೆಯವ್ಳು ಒಂದ್ ಮಾತೂ ಆಡ್ದೆ ಎಲ್ಲಾ ಕಿಟಕಿ ತೆಗ್ದು ಮಗೂನ ಎತ್ಕೊಂಡು ವಾಕಿಂಗ್ ಹೋಗ್ಬಿಟ್ಳು. ಮೆಲ್ಬರ್ನ್ ಚಳಿಗಾಲ, ಹೊರಗೆ ಎಂಟು ಡಿಗ್ರಿ.

ನಾವಿರೋದು ಮೆಲ್ಬರ್ನ್ ಪಶ್ಚಿಮಕ್ಕೆ ಟಾರ್ನೀಟಲ್ಲಿ, ಊರು ಮಂಡ್ಯ ಕಡೆ. ಜೊತೆಗೆ ಕೆಲ್ಸ ಮಾಡೋನೊಬ್ಬನ ಅಪ್ಪಂದು ಕೋಲಾಕ್ ಆಚೆ ಕುರಿ ಫಾರ್ಮ್ ಇದೆ, ಅಲ್ಲಿ ಮೊಲದ ಕಾಟ ವಿಪರೀತ. ಲೈಸೆನ್ಸ್ ಮಾಡಿಸ್ಕೊ, ನಮ್ ಜಮೀನಲ್ಲಿ ಹೊಡಿ ಅಂದ. ಸೇಫ್ಟಿ ಕೋರ್ಸು, ಪೊಲೀಸ್ ಚೆಕ್ಕು, ಬಂದೂಕು ಇಡಕ್ಕೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ, ಇದೆಲ್ಲಾ ಆಗೋ ಹೊತ್ತಿಗೆ ತಿಂಗಳುಗಟ್ಲೆ ಆಯ್ತು. ಆ ಫಾರ್ಮಿನ ಹಿರಿಯರನ್ನ ನಾನು ಮನಸ್ಸಲ್ಲೇ ಯಜಮಾನ್ರು ಅಂತ ಕರೀತೀನಿ, ಎಪ್ಪತ್ತು ದಾಟಿದೆ, ಮಾತು ಕಮ್ಮಿ. ನನ್ನ ಹಾಳಾದ ಸಾರಿನ ಕಥೆ ಕೇಳಿ ಅವ್ರು ನಗ್ಲಿಲ್ಲ. ನೀನು ಮೊದ್ಲು ಉಚ್ಚೆ ಹಿಂಡಿದ್ಯಾ ಅಂತ ಕೇಳಿದ್ರು ಅಷ್ಟೆ. ನಾನು ನೋಡಿದ್ದ ವಿಡಿಯೋಗಳಲ್ಲಿ ಒಂದ್ರಲ್ಲೂ ಇದನ್ನ ಹೇಳಿರ್ಲಿಲ್ಲ ನೋಡಿ.

ಆ ಕಡೆ ಹೋಗುವಾಗ ದಾರೀಲಿ ವಿಂಚೆಲ್ಸಿ ಅಂತ ಸಣ್ಣ ಊರು ಸಿಗುತ್ತೆ. ಇಡೀ ಆಸ್ಟ್ರೇಲಿಯಾದ ಮೊಲದ ರಗಳೆ ಶುರುವಾಗಿದ್ದೇ ಅಲ್ಲಿ. 1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಸಾಹುಕಾರ ತನ್ನ ಬಾರ್ವನ್ ಪಾರ್ಕ್ ಎಸ್ಟೇಟಲ್ಲಿ ಬೇಟೆ ಆಡಕ್ಕೆ ಬೇಕು ಅಂತ ಇಂಗ್ಲೆಂಡಿಂದ ಹಡಗಲ್ಲಿ 24 ಮೊಲ ತರಿಸ್ಕೊಂಡ, ಅದು ಕೋಟಿಗಟ್ಲೆ ಆಗಿ ಖಂಡಾನೇ ಮೇಯ್ದು ಹಾಕ್ತು. ಪಶ್ಚಿಮ ಆಸ್ಟ್ರೇಲಿಯಾದವ್ರು ಸಾವಿರಾರು ಕಿಲೋಮೀಟರ್ ಬೇಲಿ ಕಟ್ಟಿದ್ರು, ಮೊಲ ಅದಕ್ಕೂ ಮುಂಚೆನೇ ದಾಟಿತ್ತು. 1950ರಲ್ಲಿ ಮಿಕ್ಸೊಮಟೋಸಿಸ್ ಅನ್ನೋ ರೋಗಾನ ಬೇಕಂತ್ಲೇ ಬಿಟ್ರು, ಅದು ಹರಡ್ಲಿ ಅಂತ ಆಮೇಲೆ ಯುರೋಪಿಂದ ಚಿಗಟಾನೂ ತಂದು ಬಿಟ್ರು, 1995ರಲ್ಲಿ ಇನ್ನೊಂದು ವೈರಸ್ಸು ಪರೀಕ್ಷೆ ನಡೀತಿದ್ದ ದ್ವೀಪದಿಂದ ತಾನೇ ತಪ್ಪಿಸ್ಕೊಂಡು ಬಂತು. ಕ್ವೀನ್ಸ್‌ಲ್ಯಾಂಡಲ್ಲಿ ಮನೇಲಿ ಮುದ್ದಿಗೆ ಒಂದು ಮೊಲ ಸಾಕಿದ್ರೂ ಇವತ್ತಿಗೂ ದಂಡ. ಹಾಗಾಗಿ ಇಲ್ಲಿ ಮೊಲ ಹೊಡಿಯೋನ್ನ ಯಾರೂ ಪಾಪಿ ಅನ್ನಲ್ಲ, ಥ್ಯಾಂಕ್ಸ್ ಅಂತಾರೆ.

ನಮ್ಮೂರಲ್ಲಿ ಹಂಗಲ್ಲ. ನಾನು ಚಿಕ್ಕೋನಿದ್ದಾಗ ಯುಗಾದಿ ಮಾರ್ನೆ ದಿನ ಹೊಸತೊಡಕಿಗೆ ಗಂಡಸ್ರೆಲ್ಲಾ ನಾಯಿ, ಬಲೆ ತಗೊಂಡು ಹೋಗೋರು, ಸಂಜೆ ಹೊತ್ಗೆ ಹೊಂಗೆ ಮರದಲ್ಲಿ ಒಂದೋ ಎರಡೋ ನೇತಾಡ್ತಿತ್ತು. ಕಾಡುಪ್ರಾಣಿ ಬೇಟೆ ತಡೆಯೋ 1972ರ ಕಾನೂನು ಆಗ್ಲೂ ಇತ್ತು, ಊರಲ್ಲಿ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಈಗ ದಯವಿಟ್ಟು ಯಾರೂ ಇದನ್ನ ಓದಿ ಊರಲ್ಲಿ ಟ್ರೈ ಮಾಡ್ಬೇಡಿ, ಕೇಸ್ ಆಗುತ್ತೆ, ಆಗ್ಲೂ ಬೇಕು. ಇನ್ನೊಂದು ವಿಷ್ಯ, ನಮ್ಮ ಹೊಲದ ಮೊಲ ಬೇರೆ ಜಾತಿ, ಇಲ್ಲಿಯ ಮೊಲ ಬೇರೆ ಜಾತಿ. ನಮ್ಮದು ಬಿಲ ತೋಡಲ್ಲ, ಪೊದೆ ಸಂದೀಲಿ ಮಲಗುತ್ತೆ, ಮರಿಗೆ ಹುಟ್ಟುವಾಗ್ಲೇ ಕೂದ್ಲೂ ಇರುತ್ತೆ ಕಣ್ಣೂ ಬಿಟ್ಟಿರುತ್ತೆ, ಮಾಂಸ ಕೆಂಪು. ಇಲ್ಲಿಯದು ಬಿಲದ ಪ್ರಾಣಿ, ಮರಿ ಬೋಳುಬೋಳಾಗಿ ಕುರುಡಾಗಿ ಹುಟ್ಟುತ್ತೆ, ಮಾಂಸ ಹೆಚ್ಚುಕಮ್ಮಿ ಕೋಳಿ ಬಣ್ಣ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತ ಒಂದೇ ಮಾತು, ಅದಕ್ಕೆ ಅವ್ವನಿಗೆ ಇದನ್ನ ಅರ್ಥ ಮಾಡ್ಸಕ್ಕೆ ಇನ್ನೂ ಆಗಿಲ್ಲ.

ಸರಿ, ಕೆಲ್ಸಕ್ಕೆ ಬರೋಣ. ಎರಡ್ನೇ ಸಲ ಹೋದಾಗ ಯಜಮಾನ್ರು ಜೊತೇಲೇ ನಿಂತ್ರು. ಸೂರ್ಯ ಮುಳುಗೋ ಹೊತ್ತು, ಮೂರು ಮೊಲ ಬಿತ್ತು, ಎರಡು ಅವ್ರದ್ದು, ಒಂದು ನಂದು. ನನ್ನ ಗುಂಡು ತಲೆಗೆ ಹೋಗೋ ಬದ್ಲು ಹಿಂದಿನ ತೊಡೆಗೆ ಹೋಗಿ ಆ ಕಾಲೇ ಚಿಂದಿ, ಅವ್ರು ಓಡಿಹೋಗಿ ಕತ್ತು ಮುರಿದು ನೋವು ತಪ್ಪಿಸಿದ್ರು, ಆಮೇಲೆ ನನ್ನ ಮುಖ ಒಂದ್ಸಲ ನೋಡಿದ್ರು, ಬೈದಿದ್ರೇ ವಾಸಿ ಇತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ನಂದಕ್ಕೆ ವಾದ ಮಾಡೋ ಅವಶ್ಯಕತೆನೇ ಇರ್ಲಿಲ್ಲ.

ಮೊದ್ಲು ಉಚ್ಚೆ. ಮೊಲಾನ ಮುಂಗಾಲು ಹತ್ರ ಎತ್ತಿ ಹಿಡ್ದು, ಹೊಟ್ಟೆ ಆಚೆ ಕಡೆ ತಿರುಗಿಸಿ, ಹೆಬ್ಬೆರಳಲ್ಲಿ ಹೊಟ್ಟೆ ಮೇಲಿಂದ ಕೆಳಕ್ಕೆ ಒತ್ಕೊಂಡು ಬರೋದು, ಹಸು ಮೊಲೆ ಹಿಂಡ್ದಂಗೆ ಅಲ್ಲ, ಟೂತ್‌ಪೇಸ್ಟ್ ಟ್ಯೂಬಲ್ಲಿ ಕೊನೇದನ್ನ ತೆಗಿಯೋ ಹಂಗೆ. ಪಿಚಕಾರಿ ಥರ ಬರುತ್ತೆ. ಗಾಳಿ ಯಾವ ಕಡೆ ಬೀಸ್ತಿದೆ ನೋಡ್ಕೊಳಿ, ನಾನು ನೋಡ್ಕೊಂಡಿರ್ಲಿಲ್ಲ.

ಆಮೇಲೆ ಅಲ್ಲೇ, ಮೈ ಬಿಸಿ ಇರುವಾಗ್ಲೇ, ಹೊಟ್ಟೆ ತೆಗೀಬೇಕು. ಮನೆಗೆ ಹೋಗಿ ನೋಡ್ಕೊಳೋಣ ಅಂದ್ರೆ ಒಳಗಿರೋ ಹಸಿ ಹುಲ್ಲು ಹುಳಿಬಂದು ಹೊಟ್ಟೆ ಊದ್ಕೊಂಡು ಮಾಂಸಕ್ಕೆಲ್ಲಾ ವಾಸ್ನೆ ಹತ್ತುತ್ತೆ. ಹೊಟ್ಟೆ ಮಧ್ಯದಲ್ಲಿ ಚರ್ಮಾನ ಎರಡು ಬೆರಳಲ್ಲಿ ಚಿವುಟಿ ಎತ್ತಿ, ಅಲ್ಲಿ ಮಾತ್ರ ಸಣ್ಣ ತೂತು, ಆಮೇಲೆ ಚಾಕುವಿನ ಅಲಗು ಮೇಲ್ಮುಖ ಮಾಡಿ ಒಳಗಿಂದ ಹೊರಕ್ಕೆ ಕುಯ್ಯೋದು, ಪಕ್ಕೆಲುಬಿನ ತನಕ ಒಂದ್ಸಲ, ಕೆಳಗಡೆ ಒಂದ್ಸಲ. ನಾನು ಮೊದಲ್ನೇ ಸಲ ಅಲಗು ಕೆಳಗೆ ಮಾಡಿ ಬದನೆಕಾಯಿ ಸೀಳೋ ಥರ ಸೀಳಿದ್ದೆ, ಅದೇ ತಪ್ಪು. ಇಷ್ಟಾದ್ಮೇಲೆ ಯಜಮಾನ್ರು ತಲೆ ಮತ್ತೆ ಹಿಂಗಾಲು ಎರಡನ್ನೂ ಸೇರಿಸಿ ಹಿಡ್ಕೊಂಡು ಕಾಲಗಲ ಮಾಡಿ ಒಂದೇ ಬೀಸು ಬೀಸಿದ್ರು, ಕರುಳು, ಜಠರ ಎಲ್ಲಾ ಗಂಟಾಗಿ ದೂರ ಹೋಗಿ ಬಿತ್ತು, ಕೈಗೆ ಒಂದ್ ಹನಿ ರಕ್ತ ಇಲ್ಲ. ನಾನೂ ಬೀಸ್ದೆ. ಅರ್ಧ ಬೂಟಿನ ಮೇಲೆ, ಅರ್ಧ ಒಳಗೇ. ಆಮೇಲೆ ಬುದ್ಧಿ ಬಂದು ಎರಡು ಬೆರಳು ಹಾಕಿ ಬಳ್ದು ತೆಗ್ದೆ, ಗ್ಲೌಸ್ ಹಾಕ್ಕೊಂಡೇ, ಅದರಲ್ಲಿ ಏನ್ ನಾಚಿಕೆ.

ಕಲಿಜ, ಗುಂಡಿಗೆ, ಮೂತ್ರಪಿಂಡ ಬಿಸಾಕ್ಬೇಡಿ, ಮೊದ್ಲು ಕಲಿಜ ನೋಡಿ. ನುಣುಪಾಗಿ ಕಡುಗೆಂಪು ಇದ್ರೆ ಒಳ್ಳೇದು. ಅಕ್ಕಿನುಚ್ಚು ಚೆಲ್ಲಿದಂಗೆ ಬಿಳಿ ಚುಕ್ಕೆ ಇದ್ರೆ ಕಾಕ್ಸಿಡಿಯಾ ಅನ್ನೋ ಪರಾವಲಂಬಿ ಜೀವಿ ಇರ್ಬಹುದು, ಯಜಮಾನ್ರು ಅಂಥಾದ್ದನ್ನ ಪೂರ್ತಿ ಬಿಸಾಕ್ತಾರೆ, ನಾನೂ ಅಷ್ಟೆ. ಕೆಲವು ಸಲ ಕರುಳಿನ ಸುತ್ತ ಸಬ್ಬಕ್ಕಿ ಪಾಯಸದ ಕಾಳಿನಂಥ ನೀರ್ಗುಳ್ಳೆ ಇರುತ್ತೆ, ಅದು ನಾಯಿ ಹೊಟ್ಟೇಲಿ ಬೆಳಿಯೋ ಲಾಡಿಹುಳದ ಮರಿ, ಅದಕ್ಕೇ ಫಾರ್ಮ್ ನಾಯಿಗೆ ಹಸಿ ಕರುಳು ಹಾಕಂಗಿಲ್ಲ, ಅದು ಎಷ್ಟು ಬಾಲ ಆಡಿಸಿದ್ರೂ. ಕಣ್ಣು, ಗುದದ ಸುತ್ತ ಊದಿ ಕೀವು ಕಟ್ಟಿರೋ ಮೊಲ ಮಿಕ್ಸೊ ಗಿರಾಕಿ, ಅದನ್ನ ಕೊಯ್ಯೋದೇ ಬೇಡ. ಕಲಿಜದ ಹಾಳೆ ಸಂದೀಲಿ ಪಿತ್ತದ ಚೀಲ ಹಸಿರಾಗಿ ಕೂತಿರುತ್ತೆ, ಒಡೆದ್ರೆ ಬೇವಿನ ಕಷಾಯ, ಸುತ್ತ ಒಂದ್ ಚೂರು ಕಲಿಜ ಹೋದ್ರೂ ಪರ್ವಾಗಿಲ್ಲ ಅಂತ ಸೇರಿಸೇ ಕತ್ತರ್ಸಿ.

ಅವತ್ತು ಅಲ್ಲೇ ನಿಂತು ಅವ್ವನಿಗೆ ವಿಡಿಯೋ ಕಾಲ್ ಮಾಡಿದ್ದೆ. ಊರಲ್ಲಿ ಮಧ್ಯಾಹ್ನ. ಯಜಮಾನ್ರ ಕೈ ನೋಡ್ತಾ "ಯಾರ್ಲಾ ಅದು, ನಿಮ್ಮಪ್ಪನ ಥರಾನೇ ಕುಯ್ತಾನಲ್ಲಾ" ಅಂದ್ಲು, ಆಮೇಲೆ "ಈ ವಸಿ ಮೊಲಕ್ಕೆ ಏರೋಪ್ಲೇನ್ ಹತ್ಕೊಂಡ್ ಹೋದೇನ್ಲಾ ಮಗ" ಅಂದ್ಲು. ಅಪ್ಪ ಹೋಗಿ ಆರು ವರ್ಷ ಆಯ್ತು. ಅಪ್ಪ ಕುಯ್ಯುವಾಗ ನಾನು ಪಕ್ಕದಲ್ಲೇ ಚೊಂಬು ಹಿಡ್ಕೊಂಡು ನಿಂತಿರ್ತಿದ್ದೆ, ನೀರು ಹುಯ್ಯೋದು ನನ್ ಡ್ಯೂಟಿ, ಆದ್ರೆ ಕೈ ಹೆಂಗೆ ಆಡ್ತಿದೆ ಅಂತ ಒಂದಿನಾನೂ ನೋಡ್ಲಿಲ್ಲ, ನನ್ ಕಣ್ಣೆಲ್ಲಾ ಕೆಂಡದ ಮೇಲೆ ಸುಡೋ ಕಲಿಜದ ಮೇಲೆ.

ಇನ್ನು ಚರ್ಮ. ಕುರಿ ಸುಲಿಯೋದು ನೋಡಿದವ್ರಿಗೆ ಇದು ಆಟ ಅನ್ಸುತ್ತೆ, ಬಿಸಿ ಇರುವಾಗ ಚಾಕುನೇ ಬೇಡ. ನಾಕೂ ಪಾದ ಕೈತೋಟದ ಕತ್ತರೀಲಿ ಕಟ್. ಹೊಟ್ಟೆ ಸೀಳಿದ ಜಾಗದಿಂದ ಚರ್ಮ ಮಾಂಸದ ಮಧ್ಯೆ ಬೆರಳು ತೂರಿಸಿ ಬೆನ್ನಿನ ತನಕ ಬಿಡಿಸ್ಕೊಂಡು ಹೋದ್ರೆ ಒಂಥರಾ ಹಳೇ ಬಟ್ಟೆ ಹರಿದಂಥ ಸಣ್ಣ ಸದ್ದು ಬರುತ್ತೆ. ಮಂಡಿ ಒಳಕ್ಕೆ ತಳ್ಳಿ ಹಿಂಗಾಲು ಒಂದೊಂದಾಗಿ ಈಚೆಗೆ ತೆಗಿಯೋದು, ಮಗೂಗೆ ಪ್ಯಾಂಟ್ ಬಿಚ್ಚಿದಂಗೆ, ಬಾಲ ಚಾಕುಲಿ ಕತ್ತರ್ಸಿ, ಆಮೇಲೆ ಇಡೀ ಚರ್ಮಾನ ತಲೆ ಕಡೆಗೆ ಎಳೆಯೋದು, ಬನೀನು ಬಿಚ್ಚಿದಂಗೆ ತಿರುಗಾಮುರುಗಾ ಆಗಿ ಬರುತ್ತೆ, ಕತ್ತಿನ ಹತ್ರ ತಲೆ ಸಮೇತ ತೆಗೆದ್ರೆ ಮುಗೀತು. ಯಜಮಾನ್ರಿಗೆ ಒಂದ್ ನಿಮಿಷ ಹಿಡೀಲಿಲ್ಲ, ನನಗೆ ಕಾಲು ಗಂಟೆ. ಕಷ್ಟ ಇರೋದೆಲ್ಲಾ ಕೂದಲಲ್ಲಿ. ಒಂದ್ ಕೈ ಚರ್ಮಕ್ಕೆ, ಒಂದ್ ಕೈ ಮಾಂಸಕ್ಕೆ, ಅದಲು ಬದಲು ಮಾಡಿದ್ರೆ ಮಾಂಸದ ಮೇಲೆಲ್ಲಾ ಕೂದ್ಲು, ಹಸಿ ಮಾಂಸಕ್ಕೆ ಅಂಟಿದ ಮೊಲದ ಕೂದ್ಲು ನೀರಿಗೂ ಬಗ್ಗಲ್ಲ. ಶುರು ಮಾಡೋಕ್ಮುಂಚೆ ತುಪ್ಪಟ ಒದ್ದೆ ಮಾಡ್ಕೊಂಡ್ರೆ ಹಾರೋದು ಕಮ್ಮಿ.

ಕೊನೇಗೆ ಹಿಂಗಾಲು ಎರಡರ ಮಧ್ಯದ ಮೂಳೇನ ಚಾಕು ಒತ್ತಿ ಸೀಳಿ ಒಳಗೆ ಉಳ್ದಿರೋ ಹಿಕ್ಕೆ ತೆಗೀರಿ. ಇದನ್ನ ಮರೆತವ್ರ ಮನೆ ಸಾರಲ್ಲಿ ಮೆಣಸಿನಕಾಳು ಅನ್ಕೊಂಡು ಕಚ್ಚೋ ಪ್ರಸಂಗ ಬರುತ್ತೆ.

ಮನೆಗೆ ತಂದು ರಾತ್ರಿಯೆಲ್ಲಾ ಉಪ್ಪುನೀರಲ್ಲಿ ಹಾಕಿ ಫ್ರಿಜ್ಜಲ್ಲಿಟ್ಟೆ, ರಕ್ತ ಇಳಿದು ಮಾಂಸ ಬೆಳ್ಳಗಾಗುತ್ತೆ. ಗುಂಡು ಬಿದ್ದ ತೊಡೆ ಪೂರ್ತಿ ಕಪ್ಪು, ಒಳಗೆ ಕೂದ್ಲು, ಸೀಸದ ಚೂರು, ಅದನ್ನ ತೆಗ್ದು ಎಸ್ದೆ. ಮುಂಗಾಲು ಕತ್ತರ್ಸೋದು ಸುಲಭ, ಅದು ಎದೆಗೂಡಿಗೆ ಮೂಳೆಯಿಂದ ಕೂಡ್ಕೊಂಡೇ ಇರಲ್ಲ, ಬರೀ ಮಾಂಸಕ್ಕೆ ಅಂಟ್ಕೊಂಡಿರುತ್ತೆ, ಚಾಕು ಹಾಕಿದ್ರೆ ಬಂತು. ಮೂರು ಮೊಲ ಸೇರಿ ಎರಡು ಕೆಜಿ ಮೇಲೆ ಸ್ವಲ್ಪ ಇತ್ತು, ಕೊಬ್ಬು ಅಂದ್ರೆ ಮೂತ್ರಪಿಂಡದ ಹತ್ರ ಒಂದ್ ಚಿಟಿಕೆ. ಹಂಗಾಗಿ ಎಣ್ಣೆ ಧಾರಾಳ ಹಾಕಿ, ಕೊಬ್ರಿ ಗಸಗಸೆ ರುಬ್ಬಿ, ಬಲಿತ ಮೊಲಕ್ಕೆ ಆರು ವಿಷಲ್ ಕೂಗಿಸ್ದೆ. ಇಂಡಿಯನ್ ಸ್ಟೋರಿನ ರಾಗಿಹಿಟ್ಟಲ್ಲಿ ಮುದ್ದೆ. ಈ ಸಲ ಯಾರೂ ಕಿಟಕಿ ತೆಗೀಲಿಲ್ಲ, ನಮ್ಮನೆಯವ್ಳು ಎರಡ್ನೇ ಸಲ ಹಾಕಿಸ್ಕೊಂಡ್ಳು, ಹೊಗಳಿದ್ದು ಮಾತ್ರ ಮುದ್ದೇನ.

ಸೋಮವಾರ ಆಫೀಸಲ್ಲಿ ಡಬ್ಬಿ ತೆಗ್ದು ಊಟ ಮಾಡ್ತಿದ್ದೆ, ತುತ್ತಿನಲ್ಲಿ ಬೂದುಬಣ್ಣದ ಒಂದ್ ಎಳೆ ಕೂದ್ಲು. ಎದುರಿಗೆ ಯಜಮಾನ್ರ ಮಗ ಕೂತಿದ್ದ. ಮೆಲ್ಲಗೆ ತೆಗ್ದು ಟಿಶ್ಯೂಲಿ ಒರೆಸಿ ತಿಂದೆ.