ಬ್ರೇಡಿಯನ್ನು ಕೋಡಂಗಿ ಮಾಡಬೇಡಿ

ಕ್ರೈಸ್ತ ಕಾಲೇಜೊಂದು ‘ಇನ್‌ಹೆರಿಟ್ ದಿ ವಿಂಡ್’ ಆಡಲು ಹೊರಟರೆ ಮೊದಲು ಸರಿಪಡಿಸಬೇಕಾದ್ದು ಇತಿಹಾಸದ ಗೊಂದಲ. 1955ರ ಈ ನಾಟಕ 1925ರ ಜುಲೈನಲ್ಲಿ ಅಮೆರಿಕದ ಟೆನೆಸಿಯ ಡೇಟನ್‌ನಲ್ಲಿ ನಡೆದ ಶಾಲೆಯಲ್ಲಿ ವಿಕಾಸವಾದ ಕಲಿಸಿದ ಆರೋಪ ಹೊತ್ತ ಶಿಕ್ಷಕ ಸ್ಕೋಪ್ಸ್‌ನ ವಿಚಾರಣೆಯಿಂದ ಹುಟ್ಟಿದ್ದು, ಅದರ ವರದಿಯಲ್ಲ. ರಂಗದ ಮೇಲೆ ಶಿಕ್ಷಕ ಕೇಟ್ಸ್ ಜೈಲಿನಲ್ಲಿದ್ದಾನೆ. ನಿಜದ ಸ್ಕೋಪ್ಸ್ ಜೈಲಿಗೆ ಹೋಗಲೇ ಇಲ್ಲ. ನಾಟಕದಲ್ಲಿ ಕೇಟ್ಸ್ ವಿರುದ್ಧ ವಾದಿಸುವ ಬ್ರೇಡಿ ನ್ಯಾಯಾಲಯದಲ್ಲೇ ಕುಸಿಯುತ್ತಾನೆ. ಆ ಪಾತ್ರಕ್ಕೆ ಮೂಲವಾದ ಬ್ರಯನ್ ತೀರಿಕೊಂಡದ್ದು ವಿಚಾರಣೆ ಮುಗಿದ ಐದು ದಿನಕ್ಕೆ, ನಿದ್ದೆಯಲ್ಲಿ. 100 ಡಾಲರ್ ದಂಡ ನಿಜ. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪನ್ನು ರದ್ದು ಮಾಡಿತು: 50 ಡಾಲರ್ ಮೀರಿದ ದಂಡವನ್ನು ಜ್ಯೂರಿ ನಿಗದಿಪಡಿಸಬೇಕಿತ್ತು, ನ್ಯಾಯಾಧೀಶರಲ್ಲ. ಇದಿಷ್ಟನ್ನೂ ಪ್ರೇಕ್ಷಕರಿಗೆ ಕೊಡುವ ಹಾಳೆಯಲ್ಲಿ ಅಚ್ಚು ಹಾಕಿಸಿ.

ಪ್ರಯೋಗ ಕೆಡುವುದು ಸಾಮಾನ್ಯವಾಗಿ ಬ್ರೇಡಿಯ ಪಾತ್ರದಲ್ಲಿ. ಅವನನ್ನು ಹೊಟ್ಟೆಬಾಕನಂತೆ, ಬೊಬ್ಬೆ ಹೊಡೆಯುವವನಂತೆ ಆಡಿಸಿದರೆ ಕೇಟ್ಸ್ ಪರ ವಕೀಲ ಡ್ರಮಂಡ್‌ಗೆ ಎದುರಾಳಿಯೇ ಉಳಿಯುವುದಿಲ್ಲ. ಅವನು ಬ್ರೇಡಿಯನ್ನೇ ಪ್ರಶ್ನಿಸುವ ಸಾಕ್ಷಿಕಟ್ಟೆಯ ದೃಶ್ಯ ಬರೀ ಚಪ್ಪಾಳೆಯ ಸರಕಾಗುತ್ತದೆ. ಇಬ್ಬರಲ್ಲಿ ಹೆಚ್ಚು ಆಕರ್ಷಕ ನಟನನ್ನು ಬ್ರೇಡಿಗೇ ಕೊಡಿ. ಜನ ಅವನನ್ನು ಪ್ರೀತಿಸಲು ಕಾರಣ ಕಾಣಬೇಕು.

ಜನಜಂಗುಳಿಯ ತಾಲೀಮು ಬೇಗ ಶುರುವಾಗಲಿ. ಎಲ್ಲರೂ ಒಂದೇ ಉಸಿರಿಗೆ ಕೂಗಿದರೆ ಮಾತು ಮುಳುಗುತ್ತದೆ. ಒಬ್ಬೊಬ್ಬರಿಗೂ ಹೆಸರು, ಕಸುಬು, ಅನುಮಾನದ ಒಂದು ಕ್ಷಣ ಕೊಡಿ.

ಆಡಳಿತ ಮಂಡಳಿ ‘ನಾಟಕದ ಬೈಗುಳ ತೆಗೆಯಿರಿ’ ಎನ್ನುತ್ತದೆ, ಅದು ಗ್ಯಾರಂಟಿ. ಹಕ್ಕುದಾರರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಪದವನ್ನೂ ಮುಟ್ಟುವಂತಿಲ್ಲ, ಆದ್ದರಿಂದ ಪಾತ್ರ ಹಂಚುವ ಮೊದಲೇ ಕೇಳಿ. ಕೊನೆಯಲ್ಲಿ ಡ್ರಮಂಡ್ ಬೈಬಲ್ಲನ್ನೂ ಡಾರ್ವಿನ್ನನ ಪುಸ್ತಕವನ್ನೂ ಕೈಯಲ್ಲಿ ತೂಗಿ ಒಟ್ಟಿಗೇ ಚೀಲಕ್ಕಿಡುತ್ತಾನೆ. ಅಲ್ಲಿ ಸಂಗೀತ ಬೇಡ.