ಕೊನೆ ಕೊಯ್ಲಿನ ಹೊತ್ತಲ್ಲಿ ಪ್ಯಾರಿಸ್ ಸೇಲ್

ಪ್ಯಾರಿಸ್‌ನಲ್ಲಿ ಸೇಲ್ ಯಾವತ್ತು ಶುರು ಅಂತ ಅಂಗಡಿಯವರು ತೀರ್ಮಾನ ಮಾಡುವುದಿಲ್ಲ. ಕಾನೂನೇ ಹೇಳುತ್ತದೆ. ವರ್ಷಕ್ಕೆ ಎರಡು ಸಲ, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಚಳಿಗಾಲದ್ದು ಜನವರಿಯ ಎರಡನೇ ಬುಧವಾರ ಬೆಳಿಗ್ಗೆ 8 ಗಂಟೆಗೆ ಶುರು. ಆ ಬುಧವಾರ 12ನೇ ತಾರೀಖು ದಾಟಿದರೆ ಒಂದು ವಾರ ಮೊದಲು. ಮೊದಲೆಲ್ಲ ಆರು ವಾರ ನಡೆಯುತ್ತಿತ್ತು, 2020ರಿಂದ ನಾಲ್ಕೇ ವಾರ. ನಾವು ಹೋಗಿದ್ದು 2025ರ ಸೇಲ್‌ಗೆ, ಜನವರಿ 8ರಿಂದ ಫೆಬ್ರವರಿ 4ರವರೆಗೆ ಇತ್ತು.

ನಾವು ಅಂದರೆ ನಾನು ಮತ್ತು ಕಾರವಾರದ ಅತ್ತಿಗೆ, ನಮ್ಮ ಯಜಮಾನರ ಅಕ್ಕ. ಅವರ ಮಗಳು ಪ್ಯಾರಿಸ್‌ನ ಪೂರ್ವಕ್ಕೆ ಅಂಟಿಕೊಂಡಿರುವ ಮೋಂತ್ರೊಯ್‌ನಲ್ಲಿ ಇದ್ದಾಳೆ, ಕೆಲಸವೂ ಅಲ್ಲೇ. ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದಳು. ಆದರೆ ಜನವರಿ ಅಂದರೆ ಶಿರಸಿ ಕಡೆ ತೋಟ ಇರುವ ಮನೆಯವರು ಊರು ಬಿಡುವ ಕಾಲವಾ? ಅಡಿಕೆ ಕೊನೆ (ಗೊನೆ) ಕೊಯ್ಲು ನಡೆಯುತ್ತಿರುತ್ತದೆ, ರಾತ್ರಿ ಅಡಿಕೆ ಸುಲಿಯುವವರು ಬಂದಿರುತ್ತಾರೆ, ಅವರಿಗೆ ಚಾ, ಊಟ, ಮರುದಿನ ಬೇಯಿಸುವುದು, ಒಣಗಿಸುವುದು, ಮೋಡ ಬಂದರೆ ಓಡಿಹೋಗಿ ಮುಚ್ಚುವುದು. ವೀಸಾಕ್ಕೇ 90 ಯೂರೋ ಅಂತ ಗೊತ್ತಾದಾಗ ಯಜಮಾನರು ಕೇಳಿದ್ದು ಒಂದೇ ಮಾತು: "ಸೋವಿ ಸ್ವೆಟರ್ ತಪ್ಲೆ ಅಷ್ಟು ದೂರ ಹೋಪದಾ?" ಅಗ್ಗದ ಸ್ವೆಟರ್ ತರಲು ಅಷ್ಟು ದೂರ ಹೋಗುವುದಾ ಅಂತ. ಲೆಕ್ಕ ಸರಿಯೇ. ಆದರೂ ಹೊರಟೆವು. ಸುಲಿಯುವವರ ಊಟ-ಚಾ ನೋಡಿಕೊಳ್ಳಲು ನನ್ನ ತಂಗಿ ಬಂದು ಉಳಿದಳು. ನಮ್ಮ ಮನೆಯಲ್ಲಿ ಫ್ರಾನ್ಸಿನ ಊರುಗಳಲ್ಲಿ ಪ್ಯಾರಿಸ್ ಬಿಟ್ಟರೆ ಎಲ್ಲರಿಗೂ ಗೊತ್ತಿರುವುದು ಬೋರ್ಡೋ ಒಂದೇ, ಅದೂ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದಿನ ಹೆಸರಾಗಿ.

ಹೋಗುವಾಗ ಬ್ಯಾಗಿನ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು, ಒಣ ಕೋಕಂ. ಇದು ಬರೀ ಪ್ರೀತಿಗೆ ಅಲ್ಲ. ಅಲ್ಲಿ ಖಾಲಿಯಾದಷ್ಟು ತೂಕ ಬರುವಾಗ ಬಟ್ಟೆಗೆ ಸಿಗುತ್ತದೆ. ಅತ್ತಿಗೆ ಇದನ್ನು ಮೊದಲೇ ಯೋಚನೆ ಮಾಡಿದ್ದರು. ಶಿರಸಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನ. ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಇಬ್ಬರೂ ನಿದ್ದೆ ಮಾಡಿದೆವು.

ಸೇಲ್ ಶುರುವಾದ ಬುಧವಾರ ಬೆಳಿಗ್ಗೆ 8 ಗಂಟೆಗೆ ಹೊರಗೆ ಕತ್ತಲೆ. ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಕಾಣುವುದು ಎಂಟೂಮುಕ್ಕಾಲರ ಹತ್ತಿರ, ಅದೂ ಮೋಡ ಇಲ್ಲದಿದ್ದರೆ. ಮೋಂತ್ರೊಯ್‌ನಿಂದ 9ನೇ ನಂಬರಿನ ಮೆಟ್ರೋ ಹತ್ತಿ ಶೋಸೆ ದಾಂತಾಂ ಲಫಾಯೆತ್ ಅನ್ನುವ ಸ್ಟೇಷನ್‌ನಲ್ಲಿ ಇಳಿದರೆ ಅಂಗಡಿಗಳ ಬಾಗಿಲೇ. ನಡುವೆ ಗಾಡಿ ಬದಲಿಸುವ ಕೆಲಸ ಇಲ್ಲ. ಆ ತಿಂಗಳ ಒಂದನೇ ತಾರೀಖಿನಿಂದ ಮೆಟ್ರೋ ಟಿಕೆಟ್ ಎಷ್ಟು ದೂರ ಹೋದರೂ ಎರಡೂವರೆ ಯೂರೋ ಅಂತ ಮಾಡಿದ್ದರು. ಯೂರೋಗೆ ಆಗ ಸುಮಾರು 88 ರೂಪಾಯಿ. ಹಾಗಾಗಿ ಒಂದು ಸಲ ಹತ್ತಿ ಇಳಿದರೆ 220 ರೂಪಾಯಿ ಅಂತ ಅತ್ತಿಗೆ ಪ್ರತಿ ಸಲವೂ ಹೇಳುತ್ತಿದ್ದರು.

ಬುಲೆವಾರ್ ಓಸ್ಮಾನ್ ರಸ್ತೆಯಲ್ಲಿ ಎರಡು ದೊಡ್ಡ ಅಂಗಡಿಗಳು ಅಕ್ಕಪಕ್ಕ. 1865ರಲ್ಲಿ ಶುರುವಾದ ಪ್ರಾಂತಾಂ ಒಂದು. ಗ್ಯಾಲರಿ ಲಫಾಯೆತ್ ಇನ್ನೊಂದು. ಲಫಾಯೆತ್ ಒಳಗೆ 1912ರಲ್ಲಿ ಕಟ್ಟಿದ ಬಣ್ಣದ ಗಾಜಿನ ಗುಮ್ಮಟ ಇದೆ, 43 ಮೀಟರ್ ಎತ್ತರ. ಕೆಳಗೆ ನಿಂತು ತಲೆ ಎತ್ತಿದರೆ ಸುತ್ತ ಮಹಡಿ ಮೇಲೆ ಮಹಡಿ, ಬಂಗಾರದ ಬಣ್ಣದ ಕಟಕಟೆ. ಗುಮ್ಮಟ ನೋಡುತ್ತ ನಿಂತವರೆಲ್ಲ ಪ್ರವಾಸಿಗರು. ಊರಿನವರು ಸೀದಾ ಚಪ್ಪಲಿ-ಬೂಟಿನ ಕಡೆ ಹೋಗುತ್ತಿದ್ದರು. ಮೇಲಿನ ತಾರಸಿಗೆ ಟಿಕೆಟ್ ಇಲ್ಲ, ಅಲ್ಲಿಂದ ಒಪೆರಾ ಕಟ್ಟಡದ ಹಿಂಬದಿ, ದೂರದಲ್ಲಿ ಐಫೆಲ್ ಗೋಪುರ ಎಲ್ಲ ಕಾಣುತ್ತದೆ. ಚಳಿಗೆ ಐದು ನಿಮಿಷ ನಿಂತು ಕೆಳಗೆ ಬಂದೆವು.

ನನಗೆ ಕುತೂಹಲ ಇದ್ದಿದ್ದು ಬೆಲೆಚೀಟಿ ಬಗ್ಗೆ. ಪ್ರತಿ ಬಟ್ಟೆಯ ಚೀಟಿಯಲ್ಲೂ ಹಳೇ ಬೆಲೆ ಹೊಡೆದುಹಾಕಿ ಪಕ್ಕದಲ್ಲಿ ಹೊಸ ಬೆಲೆ ಬರೆದಿರುತ್ತಾರೆ. ಇಷ್ಟು ನಮ್ಮಲ್ಲೂ ಇದೆ ಬಿಡಿ. ಆದರೆ ಅಲ್ಲಿ ಇನ್ನೊಂದು ನಿಯಮ ಇದೆ. ಸೇಲ್‌ಗೆ ಇಡುವ ಮಾಲು ಕನಿಷ್ಠ ಒಂದು ತಿಂಗಳು ಮೊದಲೇ ಅಂಗಡಿಯಲ್ಲಿ ಮಾರಾಟಕ್ಕೆ ಇರಬೇಕು, ಅಂಗಡಿಯವರು ಅದರ ದುಡ್ಡನ್ನೂ ಕೊಟ್ಟಿರಬೇಕು. ಸೇಲ್‌ಗೆ ಅಂತಲೇ ಹೊಸ ಮಾಲು ತರಿಸುವ ಹಾಗಿಲ್ಲ. ಹಾಗೇ ಮಾಮೂಲಿ ಅಂಗಡಿಯವರು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಹುದಾದದ್ದು ಈ ವಾರಗಳಲ್ಲೇ, ಉಳಿದ ದಿನ ಅದಕ್ಕೆ ಕಾನೂನಿನ ಅಡ್ಡಿ ಇದೆ. ಆದ್ದರಿಂದ ಅವರ ಗರಜು ನಿಜವಾದ ಗರಜು.

ನಮ್ಮ ಆಷಾಢ ಸೇಲ್ ನೆನಪಾಯಿತು. ಆಷಾಢದಲ್ಲಿ ಮದುವೆ-ಮುಂಜಿ ಇಲ್ಲ, ಸೀರೆ ಅಂಗಡಿಗೆ ಜನ ಇಲ್ಲ, ಅದಕ್ಕೆ ಸೇಲ್. ಕಾರಣ ಒಪ್ಪುವಂಥದ್ದೇ. ಆದರೆ ಆಷಾಢದಲ್ಲಿ ಸಿಗುವ ಸೀರೆ ಹಿಂದಿನ ತಿಂಗಳು ಅದೇ ಕಪಾಟಿನಲ್ಲಿ ಇತ್ತಾ, ಇದ್ದರೆ ಎಷ್ಟಿತ್ತು ಅಂತ ಯಾರು ನೋಡಿದ್ದಾರೆ? ಶಿರಸಿಯ ಸಿ.ಪಿ. ಬಜಾರದಲ್ಲಿ ವರ್ಷಾನುಗಟ್ಟಲೆ ಓಡಾಡಿದ ಕಣ್ಣಿಗೆ ಮಾತ್ರ ಅದು ಗೊತ್ತಾಗುತ್ತದೆ. ಪ್ಯಾರಿಸ್‌ನಲ್ಲಿ ನಮಗೆ ಆ ಕಣ್ಣು ಇಲ್ಲ. ಹಾಗಾಗಿ ಕಾನೂನು ಇದ್ದಿದ್ದು ಒಳ್ಳೆಯದೇ ಆಯಿತು.

ಒಂದು ಮಾತ್ರ ನೋಡಿಕೊಳ್ಳಬೇಕು. ಸೇಲ್ ಬಟ್ಟೆಯ ಪಕ್ಕದಲ್ಲೇ ಹೊಸ ಸೀಸನ್ನಿನ ಬಟ್ಟೆಯನ್ನೂ ತೂಗುಹಾಕಿರುತ್ತಾರೆ. ಅದಕ್ಕೆ ಒಂದು ಪೈಸೆ ರಿಯಾಯಿತಿ ಇರುವುದಿಲ್ಲ. ಕೆಂಪು ಬೋರ್ಡಿನ ಕೆಳಗೆ ಇದೆ ಅಂತ ಎತ್ತಿಕೊಂಡರೆ ಬಿಲ್ ಕೊಡುವಾಗ ಮುಖ ಸಣ್ಣ ಆಗುತ್ತದೆ. ಚೀಟಿ ನೋಡಿಯೇ ಎತ್ತಬೇಕು.

ಅತ್ತಿಗೆಗೆ ಮಗಳಿಗೊಂದು ಉಣ್ಣೆಯ ಕೋಟು ಕೊಡಿಸುವ ಆಸೆ. ಕಡುನೀಲಿ ಬಣ್ಣದ್ದು ಸಿಕ್ಕಿತು. 180 ಯೂರೋ ಹೊಡೆದುಹಾಕಿ 126 ಅಂತ ಬರೆದಿದ್ದರು. ನೂರಕ್ಕೆ 30 ಕಡಿತ.

"ಕಡೆಗೆ ಎಷ್ಟಕ್ಕೆ ಕೊಡ್ತ್ವಡ ಕೇಳೇ" ಅಂದರು ಅತ್ತಿಗೆ.

"ಆಯಿ, ಇಲ್ಲಿ ಚೌಕಾಸಿ ಇಲ್ಲೆ" ಅಂದಳು ಮಗಳು, ಆಚೀಚೆ ನೋಡುತ್ತ. "ಕಾದ್ರೆ ಅವೇ ಇಳಿಸ್ತ."

ಅವಳು ಹೇಳಿದ್ದು ದೇಮಾರ್ಕ್ ಅನ್ನುವ ಲೆಕ್ಕ. ಮೊದಲ ವಾರದಲ್ಲಿ ಒಂದನೇ ಇಳಿಕೆ, ಆಮೇಲೆ ಎರಡನೇದು, ಉಳಿದದ್ದಕ್ಕೆ ಕೊನೆಯದು. 30 ಇದ್ದಿದ್ದು 50 ಆಗುತ್ತದೆ, ಕೆಲವು 70ಕ್ಕೂ ಹೋಗುತ್ತದೆ. ಆದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಆಗುವ ಸೈಜು ಖಾಲಿ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮೂಟೆ ಅಟ್ಟದ ಮೇಲಿಟ್ಟು ರೇಟ್ ಏರಲಿ ಅಂತ ಕಾಯುವ ಮನೆಯವರು ನಾವು. ಇಲ್ಲಿ ಅದೇ ಆಟ ತಿರುಗಿಸಿ ಆಡಬೇಕು, ರೇಟ್ ಇಳಿಯಲಿ ಅಂತ ಕೊಳ್ಳುವವರು ಕಾಯಬೇಕು. ಅತ್ತಿಗೆಗೆ ಇದು ಹೇಳಿಕೊಡಬೇಕಾಗಿ ಬರಲಿಲ್ಲ. "ಇನ್ನೊಂದು ವಾರ ಬಿಡು" ಅಂದರು. ಮಗಳು ಒಪ್ಪಲಿಲ್ಲ. ಅವಳ ಸೈಜು 38, ಅಲ್ಲಿ ಅದೇ ಮೊದಲು ಹೋಗುತ್ತದಂತೆ. ತಾಯಿ ಮಗಳ ಚರ್ಚೆ ಟ್ರಯಲ್ ರೂಮಿನ ಮುಂದೆ ಸುಮಾರು ಹೊತ್ತು ನಡೆಯಿತು. ಹಿಂದೆ ಸಾಲಿನಲ್ಲಿದ್ದ ಹೆಂಗಸಿಗೆ ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಾಗಿ ನಗುತ್ತಿದ್ದಳು.

ಮಗಳೇ ಗೆದ್ದಳು. ಕೋಟು ಅವತ್ತೇ ತಗೊಂಡೆವು. ಮೂರನೇ ವಾರ ಸುಮ್ನೆ ನೋಡೋಣ ಅಂತ ಮತ್ತೆ ಹೋದಾಗ ಅದೇ ಕೋಟು 90 ಯೂರೋ ಆಗಿತ್ತು, ಆದರೆ ಇದ್ದ ಒಂದೇ ಒಂದು ಸೈಜು 46. ಅತ್ತಿಗೆ ಅದನ್ನೂ ಹಾಕಿ ನೋಡಿದರು, ಸತ್ಯ ಹೇಳಬೇಕಂದರೆ.

ಹಾಗಾಗಿ ನನ್ನ ಸಲಹೆ: ಮೈಗೆ ಸರಿಯಾಗಿ ಕೂರಬೇಕಾದ ಕೋಟು, ಪ್ಯಾಂಟು, ಬೂಟು ಮೊದಲ ಮೂರ್ನಾಲ್ಕು ದಿನದಲ್ಲೇ. ಶಾಲು, ಬ್ಯಾಗು, ಟವೆಲ್ಲು ಇಂಥದ್ದಕ್ಕೆ ಕಾಯಬಹುದು, ಅವಕ್ಕೆ ಸೈಜಿನ ಕಾಟ ಇಲ್ಲ. ಮತ್ತೆ ಲೂಯಿ ವಿತ್ತೋನ್ ಥರದವರ ಮುಂದೆ ಸೇಲ್ ಅಂತ ಹೋಗಿ ನಿಲ್ಲಬೇಡಿ. ಅವರು ಬೆಲೆ ಇಳಿಸುವುದೇ ಇಲ್ಲ. ಬಾಗಿಲಲ್ಲಿ ಸಾಲು ಇದ್ದದ್ದು ಪೂರ್ತಿ ಬೆಲೆ ಕೊಡುವವರದ್ದು.

ಟವೆಲ್ ಅಂದೆನಲ್ಲ, ಜನವರಿಯಲ್ಲಿ ಅಲ್ಲಿ ಹಾಸಿಗೆ ಬಟ್ಟೆ, ಟವೆಲ್ಲುಗಳಿಗೆ ಬೇರೆಯೇ ಒಂದು ಕಥೆ ಇದೆ. ಲೆ ಬಾನ್ ಮಾರ್ಶೆ ಅಂತ ಇನ್ನೊಂದು ಹಳೇ ಅಂಗಡಿ, ನದಿಯ ಆಚೆ ದಂಡೆಯಲ್ಲಿ. 1852ರಲ್ಲಿ ಆರಿಸ್ತಿದ್ ಬುಸಿಕೋ ಅನ್ನುವವನು ಅದಕ್ಕೆ ಸೇರಿಕೊಂಡು ವ್ಯಾಪಾರದ ರೀತಿಯನ್ನೇ ಬದಲಿಸಿದ. ಚೀಟಿಯಲ್ಲಿ ಬರೆದ ಬೆಲೆಯೇ ಬೆಲೆ, ಚೌಕಾಸಿ ಇಲ್ಲ, ಬೇಡದಿದ್ದರೆ ವಾಪಸ್ ತನ್ನಿ ಅಂತ. ಅಂದರೆ ಅತ್ತಿಗೆಯ "ಕಡೆಗೆ ಎಷ್ಟು" ಅನ್ನುವ ಪ್ರಶ್ನೆಗೆ ಅಲ್ಲಿ ಬೆಲೆ ಇಲ್ಲದ ಹಾಗೆ ಮಾಡಿದವರಲ್ಲಿ ಇವನೂ ಒಬ್ಬ. ಹಬ್ಬ ಮುಗಿದು ಜನವರಿಯಲ್ಲಿ ಅಂಗಡಿ ಬಣಗುಡುವಾಗ ಬಿಳಿ ಹಾಸಿಗೆ ಬಟ್ಟೆಗಳನ್ನೆಲ್ಲ ಕಡಿಮೆಗೆ ಮಾರುವ ಪದ್ಧತಿಯೂ ಅವನದ್ದೇ ಅನ್ನುತ್ತಾರೆ. ಹೊರಗೆ ಬಿದ್ದ ಹಿಮ ನೋಡಿ ಹೊಳೆಯಿತಂತೆ. ಕಥೆ ಇರಬಹುದು. ಆದರೆ ಜನವರಿಯ ಈ ಬಿಳಿ ಬಟ್ಟೆಯ ಮಾರಾಟ ಇವತ್ತಿಗೂ ಇದೆ.

ಟವೆಲ್ಲುಗಳು ಚೆನ್ನಾಗಿದ್ದವು. ದಪ್ಪ, ಒಳ್ಳೆ ನೇಯ್ಗೆ. ಮಳೆಗಾಲದಲ್ಲಿ ಶಿರಸಿಯಲ್ಲಿ ಅಂಥ ಟವೆಲ್ ಒಂದು ವಾರವಾದರೂ ಒಣಗುವುದಿಲ್ಲ ಅನ್ನುವುದು ಬೇರೆ ಮಾತು, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದರೆ ಆಯಿತು. ದಿಂಬಿನ ಚೀಲ ಮಾತ್ರ ತಗೊಳ್ಳಬೇಡಿ ಅಂತ ಮಗಳು ತಡೆದಳು. ಫ್ರಾನ್ಸಿನ ದಿಂಬು ಚೌಕ, 65ಕ್ಕೆ 65 ಸೆಂಟಿಮೀಟರ್. ನಮ್ಮ ಉದ್ದ ದಿಂಬಿಗೆ ಅದನ್ನು ಹಾಕಿದರೆ ಅಕ್ಕಪಕ್ಕ ಜೋಲುತ್ತದೆ. ಅವರ ಡಬಲ್ ಮಂಚದ ಹಾಸಿಗೆಯೂ ಹಲವು ಕಡೆ 140ಕ್ಕೆ 190, ನಮ್ಮದಕ್ಕಿಂತ ಸಣ್ಣದು. ನಾಲ್ಕು ಮೂಲೆಗೆ ರಬ್ಬರ್ ಇರುವ ಬೆಡ್‌ಶೀಟ್ ತರುವವರು ಮನೆಯ ಮಂಚ ಅಳೆದುಕೊಂಡು ಹೋಗಿ.

ಇಷ್ಟೆಲ್ಲ ಹೇಳಿದರೂ ನನಗೆ ನಿಜವಾಗಿ ಖುಷಿ ಕೊಟ್ಟ ಜಾಗದಲ್ಲಿ ಸೇಲ್ ಇರಲೇ ಇಲ್ಲ. 2ನೇ ನಂಬರಿನ ಮೆಟ್ರೋದಲ್ಲಿ ಆನ್ವೇರ್ ಅನ್ನುವ ಸ್ಟೇಷನ್ ಇದೆ. ಎಲ್ಲರೂ ಅಲ್ಲಿ ಇಳಿದು ಮೋಂಮಾರ್ತ್ರ್ ಗುಡ್ಡದ ಬಿಳಿ ಚರ್ಚಿಗೆ ಹತ್ತುತ್ತಾರೆ. ಹತ್ತದೆ ಗುಡ್ಡದ ಬುಡದಲ್ಲೇ ಬಲಕ್ಕೆ ತಿರುಗಿದರೆ ಸ್ಯಾಂ ಪಿಯೆರ್ ಮಾರುಕಟ್ಟೆ, ಬರೀ ಬಟ್ಟೆ ಥಾನುಗಳು. ಮಹಡಿ ಮಹಡಿಯಲ್ಲಿ ಹತ್ತಿ, ಉಣ್ಣೆ, ರೇಷ್ಮೆ, ಪರದೆ ಬಟ್ಟೆ. ಪಕ್ಕದ ಅಂಗಡಿಗಳಲ್ಲಿ 3 ಮೀಟರಿನ ತುಂಡುಗಳನ್ನು ಮಡಚಿ ರಾಶಿ ಹಾಕಿರುತ್ತಾರೆ. ಅಲ್ಲಿ ಅದಕ್ಕೆ ಕೂಪೋಂ ಅನ್ನುತ್ತಾರೆ, ನಮ್ಮ ಕಟ್‌ಪೀಸ್. ಫ್ಯಾಷನ್ ಮನೆಗಳಲ್ಲಿ ಮಿಕ್ಕ ಬಟ್ಟೆಯೂ ಇಲ್ಲಿಗೆ ಬರುತ್ತದೆ. ಓಸ್ಮಾನ್ ರಸ್ತೆಯ ಗಾಜಿನ ಹಿಂದೆ ಸಾವಿರಾರು ಯೂರೋ ಚೀಟಿ ಹೊತ್ತುಕೊಂಡಿದ್ದ ಅಂಗಿಯ ಜಾತಿಯ ಬಟ್ಟೆ ಇಲ್ಲಿ ಮುಟ್ಟಿ, ಎಳೆದು, ಬೆಳಕಿಗೆ ಹಿಡಿದು ನೋಡಬಹುದು.

ಅಲ್ಲಿ ಅತ್ತಿಗೆಯನ್ನು ನೋಡಬೇಕಿತ್ತು. ದೊಡ್ಡ ಅಂಗಡಿಯಲ್ಲಿ ಕೈ ಕಟ್ಟಿಕೊಂಡು ನಡೆಯುತ್ತಿದ್ದವರು ಇಲ್ಲಿ ತೋಳು ಮಡಚಿ ರಾಶಿಗೆ ಕೈ ಹಾಕಿದರು. ಮಾರಿಕಾಂಬಾ ಜಾತ್ರೆಯ ಅಂಗಡಿಗಳಲ್ಲಿ ಪಳಗಿದ ಕೈ ಅದು. ಒಂದು ಕೂಪೋಂನಲ್ಲಿ ಮೂರು ಜಂಪರ್ (ರವಿಕೆ) ಅಂತ ಲೆಕ್ಕ ಹಾಕಿದರು, ತೋಳು ಗಿಡ್ಡ ಆದರೆ ಮೊಮ್ಮಗಳಿಗೂ ಒಂದು ಲಂಗದ ಪಟ್ಟಿ. ಸಣ್ಣ ಹೂವಿನ ಹತ್ತಿ ಬಟ್ಟೆ, 12 ಯೂರೋ. ನಾನೂ ಅಂಥದ್ದೇ ಒಂದು, ಬೇರೆ ಬಣ್ಣ.

ಹಸಿವಾಗಿತ್ತು. ಅದೇ ಮೆಟ್ರೋದಲ್ಲಿ ಮುಂದಕ್ಕೆ ಎರಡನೇ ಸ್ಟಾಪು ಲಾ ಶಾಪೆಲ್. ಶ್ರೀಲಂಕಾದ ತಮಿಳರ ಅಂಗಡಿ, ಹೋಟೆಲ್ಲುಗಳ ಬೀದಿ. ಮಲ್ಲಿಗೆ, ಬಾಳೆಎಲೆ, ನುಗ್ಗೆಕಾಯಿ ಎಲ್ಲ ಸಿಗುತ್ತದೆ. ಸಸ್ಯಾಹಾರಿಗಳಿಗೆ ಪ್ಯಾರಿಸ್‌ನಲ್ಲಿ ಬ್ರೆಡ್ಡು-ಚೀಸ್ ಬಿಟ್ಟು ಏನು ಅಂತ ತಲೆಬಿಸಿ ಇದ್ದರೆ ಈ ಬೀದಿ ನೆನಪಿಡಿ. ಮಸಾಲೆ ದೋಸೆ ತಿಂದೆವು. ಪಲ್ಯಕ್ಕೆ ಖಾರ ಜಾಸ್ತಿ, ಆದರೂ ಎರಡೆರಡು ತಿಂದೆವು.

ಇನ್ನು ತೆರಿಗೆ ವಾಪಸ್ಸಿನ ವಿಷಯ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರು ಒಂದೇ ಅಂಗಡಿಯಲ್ಲಿ ಮೂರು ದಿನದೊಳಗೆ 100 ಯೂರೋಗಿಂತ ಜಾಸ್ತಿ ಕೊಂಡರೆ ಅದರಲ್ಲಿರುವ ತೆರಿಗೆಯ ಒಂದು ಪಾಲು ವಾಪಸ್ ಸಿಗುತ್ತದೆ. ತೆರಿಗೆ 20 ಪರ್ಸೆಂಟ್, ಆದರೆ ಮಧ್ಯದವರ ಕಮಿಷನ್ ಕಳೆದು ಕೈಗೆ ಬರುವುದು ದೊಡ್ಡ ಅಂಗಡಿಗಳಲ್ಲಿ ಸುಮಾರು 12. ಪಾಸ್‌ಪೋರ್ಟ್ ತೋರಿಸಿ ಫಾರಂ ಕೇಳಬೇಕು, ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ. ಅತ್ತಿಗೆ ಕೋಟಿಗೂ ಫಾರಂ ಮಾಡಿಸುವ ಯೋಚನೆಯಲ್ಲಿದ್ದರು. ಆದರೆ ಕೊಂಡ ವಸ್ತು ನಮ್ಮ ಜೊತೆ ಯುರೋಪಿನಿಂದ ಹೊರಗೆ ಹೋಗಬೇಕು, ಕೋಟು ಮಗಳ ಹತ್ತಿರ ಅಲ್ಲೇ ಉಳಿಯುತ್ತದೆ, ಹಾಗಾಗಿ ಅದಕ್ಕಿಲ್ಲ. ಟವೆಲ್ಲುಗಳ 140 ಯೂರೋ ಬಿಲ್ಲಿಗೆ ಸಿಕ್ಕಿತು.

ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಕೊಡುವ ಮೊದಲೇ ಪಾಬ್ಲೋ ಅಂತ ಬರೆದ ಮೆಷಿನ್ ಹುಡುಕಿ ಫಾರಂನ ಬಾರ್‌ಕೋಡ್ ತೋರಿಸಬೇಕು. ಹಸಿರು ಬಂದರೆ ಆಯಿತು. ಬರದಿದ್ದರೆ ಪಕ್ಕದ ಕಸ್ಟಮ್ಸ್ ಕಿಟಕಿಗೆ ಹೋಗಿ ಸಾಮಾನು ತೋರಿಸಬೇಕು, ಅದಕ್ಕೇ ಬ್ಯಾಗ್ ಕೈಯಲ್ಲಿ ಇರಬೇಕು ಅನ್ನುವುದು. ನಮಗೆ ಹಸಿರೇ ಬಂತು. ದುಡ್ಡು ಕಾರ್ಡಿಗೆ ಬರಲು ಸ್ವಲ್ಪ ವಾರ ಹಿಡಿಯಿತು, ಹತ್ತಿರ ಹತ್ತಿರ 1,500 ರೂಪಾಯಿ. ಬೆಂಗಳೂರಿನಲ್ಲಿ ಇಳಿದಾಗ ಸುಂಕವಿಲ್ಲದೆ ತರಬಹುದಾದ ಮಿತಿ ಆಗ 50,000 ರೂಪಾಯಿ ಇತ್ತು, ನಾವು ಅದರ ಹತ್ತಿರಕ್ಕೂ ಬಂದಿರಲಿಲ್ಲ.

ಶಿರಸಿಯಲ್ಲಿ ಜಂಪರ್ ಹೊಲಿಯುವವರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಎಲ್ಲಿದು ಅಂತ ಕೇಳಿದರು. ಹೇಳಿದೆ. "ಹಂಗಾರೆ ಲೈನಿಂಗ್ ಹಾಕೇ ಹೊಲಿಯವು" ಅಂದರು. ಬಟ್ಟೆಗೆ ಒಂದು ಜಂಪರಿಗೆ 350 ರೂಪಾಯಿ ಬಿದ್ದಿತ್ತು, ಹೊಲಿಗೆಗೆ 450 ತಗೊಂಡರು. ಅಲ್ಲಿಯೂ ಚೌಕಾಸಿ ನಡೆಯಲಿಲ್ಲ.