ಟಿ ಕೋಶ ಎಷ್ಟಿವೆ ಅನ್ನುವುದಕ್ಕಿಂತ ಎಲ್ಲಿವೆ ಅನ್ನುವುದು ಮುಖ್ಯ

ಕೋವಿಡ್ ಲಸಿಕೆ ಅಂದ ಕೂಡಲೇ ಎಲ್ಲರೂ ಕೇಳುವುದು ಆಂಟಿಬಾಡಿ ಎಷ್ಟು ಬಂತು ಅಂತ. ನನ್ನ ಕೆಲಸ ಟಿ ಕೋಶಗಳ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ ಜೊತೆ, ಅದೂ ಇಲಿಗಳಲ್ಲಿ. ಆಂಟಿಬಾಡಿಯ ಕಾವಲು ದಾಟಿ ವೈರಸ್ ಒಳಗೆ ಸೇರಿಕೊಂಡ ಮೇಲೆ, ಸೋಂಕಾದ ಕೋಶವನ್ನು ಗುರುತಿಸಿ ಕೊಲ್ಲುವುದು ಸಿಡಿ8 ಅನ್ನುವ ಬಗೆಯ ಟಿ ಕೋಶ. ಓಮಿಕ್ರಾನ್ ಬಂದಾಗ ಆಂಟಿಬಾಡಿಗಳ ಹಿಡಿತ ತುಂಬಾ ಸಡಿಲವಾಯಿತು, ಟಿ ಕೋಶಗಳದ್ದು ಬಹುಪಾಲು ಉಳಿಯಿತು.

ವುಹಾನ್‌ನ ಮೂಲ ವೈರಸ್ ಸಾಮಾನ್ಯ ಇಲಿಗೆ ಅಂಟುವುದಿಲ್ಲ, ಕೋಶದೊಳಗೆ ನುಗ್ಗಲು ವೈರಸ್ ಹಿಡಿದುಕೊಳ್ಳುವ ಎಸಿಇ2 ಎಂಬ ಪ್ರೋಟೀನ್ ಇಲಿಯಲ್ಲಿ ಅದಕ್ಕೆ ಒಗ್ಗುವುದಿಲ್ಲ. ಹಾಗಾಗಿ ಮನುಷ್ಯರ ಎಸಿಇ2 ಜೀನ್ ಸೇರಿಸಿದ ಕೆ18 ಇಲಿ ಬೇಕು. ಹಳೆಯ ಸಾರ್ಸ್‌ಗಾಗಿ ಅಮೆರಿಕದ ಅಯೋವಾದಲ್ಲಿ ಮಾಡಿ, 2007ರಲ್ಲೇ ಪ್ರಕಟಿಸಿದ್ದ ತಳಿ ಅದು. ಲಸಿಕೆಗೆ ಟಿ ಕೋಶ ಸ್ಪಂದಿಸಿದವಾ ಅಂತಷ್ಟೇ ನೋಡಲು ಮಾಮೂಲಿ ಕಪ್ಪು ಇಲಿ ಸಾಕು.

ರೂಢಿಯಲ್ಲಿ ಇಲಿಯ ಗುಲ್ಮ (ಹೊಟ್ಟೆಯೊಳಗಿನ ಸ್ಪ್ಲೀನ್ ಅನ್ನುವ ಅಂಗ) ತೆಗೆದು, ಅದರ ಕೋಶಗಳಿಗೆ ವೈರಸ್‌ನ ಮೇಲ್ಮೈಯಲ್ಲಿರುವ ಸ್ಪೈಕ್ ಪ್ರೋಟೀನ್‌ನ ಚೂರುಗಳನ್ನು ಕೊಟ್ಟು, ಎಷ್ಟು ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನ್ ಬಿಡುತ್ತವೆ ಅಂತ ಎಲಿಸ್ಪಾಟ್ ಎಂಬ ಪರೀಕ್ಷೆಯಲ್ಲಿ ಎಣಿಸುತ್ತೇವೆ. ನನ್ನ ತಕರಾರು ಇಲ್ಲೇ. ವೈರಸ್ ಬರುವುದು ಮೂಗು, ಶ್ವಾಸಕೋಶಕ್ಕೆ, ಗುಲ್ಮಕ್ಕಲ್ಲ ಅಲ್ವಾ?

ಶ್ವಾಸಕೋಶವನ್ನು ಸುಮ್ನೆ ಅರೆದು ಎಣಿಸಿದರೂ ಆಗದು, ಅದರ ತುಂಬಾ ರಕ್ತ ಇರುತ್ತದೆ, ರಕ್ತದಲ್ಲಿ ಹಾದುಹೋಗುತ್ತಿದ್ದ ಟಿ ಕೋಶಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಅದಕ್ಕೊಂದು ಚಂದದ ಉಪಾಯವಿದೆ. ಇಲಿಯನ್ನು ಕೊಲ್ಲುವ ಕೆಲವೇ ನಿಮಿಷ ಮೊದಲು ಬಿಳಿ ರಕ್ತಕಣಗಳ ಮೇಲಿರುವ ಸಿಡಿ45 ಪ್ರೋಟೀನಿಗೆ ಅಂಟುವ, ಬಣ್ಣ ಹಚ್ಚಿದ ಆಂಟಿಬಾಡಿಯನ್ನು ರಕ್ತನಾಳಕ್ಕೆ ಕೊಡುತ್ತೇವೆ. ರಕ್ತದಲ್ಲಿರುವ ಕೋಶಗಳಿಗೆ ಬಣ್ಣ ಹತ್ತುತ್ತದೆ, ಅಂಗಾಂಶದೊಳಗೆ ಕೂತವಕ್ಕೆ ಅಷ್ಟರಲ್ಲಿ ತಲುಪುವುದಿಲ್ಲ. ಬಣ್ಣ ಹತ್ತದೆ ಉಳಿದು, ಸಿಡಿ69 ಮತ್ತು ಸಿಡಿ103 ಎಂಬ ಗುರುತಿನ ಪ್ರೋಟೀನ್‌ಗಳು ಎರಡೂ ಇರುವ ಸಿಡಿ8 ಕೋಶಗಳು ಅಲ್ಲೇ ನೆಲೆಸಿದವು.

2020ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಚಿಂಪಾಂಜಿಯ ಅಡಿನೋವೈರಸ್ ಎಂಬ ವೈರಸ್ಸನ್ನು ವಾಹಕವಾಗಿ ಬಳಸಿದ ಒಂದೇ ಲಸಿಕೆಯನ್ನು ಕೆಲವು ಇಲಿಗಳ ಸ್ನಾಯುವಿಗೆ, ಕೆಲವಕ್ಕೆ ಮೂಗಿಗೆ ಕೊಟ್ಟು ನೋಡಿದರು. ಸ್ನಾಯುವಿಗೆ ಕೊಟ್ಟಾಗಲೂ ಗುಲ್ಮದಲ್ಲಿ ಟಿ ಕೋಶ ಬಂದವು, ಶ್ವಾಸಕೋಶದ ಕಾಯಿಲೆಯೂ ತಗ್ಗಿತು, ಆದರೆ ವೈರಸ್‌ನ ಆರ್‌ಎನ್‌ಎ ಉಳಿದೇ ಇತ್ತು. ಮೂಗಿಗೆ ಕೊಟ್ಟಲ್ಲಿ ಶ್ವಾಸಕೋಶದೊಳಗೇ ಸಿಡಿ8 ಕೋಶ ನೆಲೆಯಾದವು, ಮೂಗು, ಶ್ವಾಸನಾಳದ ಒಳಪದರವನ್ನು ಕಾಯುವ ಐಜಿಎ ಆಂಟಿಬಾಡಿಯೂ ಬಂತು, ಸೋಂಕನ್ನು ಹೆಚ್ಚುಕಡಿಮೆ ಪೂರ್ತಿ ತಡೆಯಿತು. ಇದರಲ್ಲಿ ಟಿ ಕೋಶದ ಪಾಲೆಷ್ಟು, ಐಜಿಎ ಪಾಲೆಷ್ಟು ಅಂತ ಬಿಡಿಸಲು ಸಿಡಿ8 ಕೋಶಗಳನ್ನು ತೆಗೆದುಹಾಕಿದ ಇಲಿಗಳನ್ನೂ ಜೊತೆಗಿಟ್ಟು ನೋಡಬೇಕು. ಈ ಲಸಿಕೆಯೇ ಮುಂದೆ ಭಾರತ್ ಬಯೋಟೆಕ್‌ನ ಇನ್‌ಕೋವ್ಯಾಕ್ ಆಯಿತು, 2022ರಲ್ಲಿ ನಮ್ಮಲ್ಲಿ ಅನುಮತಿ ಸಿಕ್ಕಿತು.

ಮನುಷ್ಯರಲ್ಲಿ ಸಲೀಸಾಗಿ ಸಿಗುವುದು ರಕ್ತ ಮಾತ್ರ. ಶ್ವಾಸಕೋಶ ತೊಳೆದ ನೀರು ಬೇಕೆಂದರೆ ಬ್ರಾಂಕೋಸ್ಕೋಪಿ ಮಾಡಬೇಕು, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಬೇಕು, ಆರೋಗ್ಯವಾಗಿರುವವರು ಅದಕ್ಕೆ ಒಪ್ಪುವುದು ಕಷ್ಟ. ಹಾಗಾಗಿ ಗುಲ್ಮಕ್ಕಾಗಿ ಒಂದು ಇಲಿಯನ್ನು ಕೊಂದರೆ, ಅದರ ಶ್ವಾಸಕೋಶವನ್ನೂ ನೋಡಲೇಬೇಕು ಅನ್ನುವುದು ನನ್ನ ಹಟ.